ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಬೆಂಗಳೂರು ಹೊರವಲಯದ ಮಾಧ್ಯಮ ಸಾಕ್ಷರತಾ ಚಳವಳಿಯ ಪ್ರಣಾಳಿಕೆ

ಪೀಣ್ಯದ ಮೆಷಿನ್ ಶಾಪ್‌ನಲ್ಲಿ ಗೇಜಿಗೆ ಹಾಕಿ ನೋಡದೆ ಒಂದು ಬುಷ್ ಕೂಡ ಡಬ್ಬಿ ಸೇರುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟೆಸ್ಟಿಂಗ್ ಮುಗಿಯದೆ ಕೋಡ್ ಗ್ರಾಹಕರ ಕೈಗೆ ಹೋಗುವುದಿಲ್ಲ. ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಟೇಬಲ್ ದಾಟದ ಶರ್ಟು ಪ್ಯಾಕಿಂಗ್‌ಗೆ ಬರುವುದಿಲ್ಲ. ಪರೀಕ್ಷಿಸುವುದನ್ನೇ ಕಸುಬು ಮಾಡಿಕೊಂಡ ನಾವು ಶಿಫ್ಟ್ ಮುಗಿಸಿ ಬಸ್ಸು ಹತ್ತಿದ ಮೇಲೆ, ಫೋನಿಗೆ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಮುಂದಕ್ಕೆ ತಳ್ಳುತ್ತೇವೆ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುತ್ತೇವೆ. ಈ ಅಭ್ಯಾಸ ಬಿಡಬೇಕು, ಬಿಡಿಸಬೇಕು ಎಂದು ನಿರ್ಧರಿಸಿ ನಾವು ಒಂದಾಗಿದ್ದೇವೆ.

ನಾವು ಯಾರು, ಇಲ್ಲಿಯೇ ಯಾಕೆ

ನಾವು ಸರ್ಕಾರಿ ಶಾಲೆಯ ಮೇಷ್ಟ್ರು–ಮೇಡಂಗಳು, ಗಾರ್ಮೆಂಟ್ಸ್ ಟೈಲರ್‌ಗಳು, ಸಾಫ್ಟ್‌ವೇರ್ ಟೆಸ್ಟರ್‌ಗಳು, ಸೆಕ್ಯುರಿಟಿ ಗಾರ್ಡ್‌ಗಳು, ಆಟೊ ಚಾಲಕರು, ಗ್ರಂಥಪಾಲಕರು, ದೂರವಾಣಿನಗರದ ಐಟಿಐ ಮತ್ತು ಜಾಲಹಳ್ಳಿಯ ಎಚ್‌ಎಂಟಿಯಿಂದ ನಿವೃತ್ತರಾದವರು.

ನಮ್ಮ ಪ್ರದೇಶಗಳೆಲ್ಲ ವಲಸೆ ಬಂದವರ ಊರುಗಳು. 1978ರಲ್ಲಿ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಇಂದು ಅದರ ಸುತ್ತಲಿನ ಒಂದೇ ಗಲ್ಲಿಯಲ್ಲಿ ಯಾದಗಿರಿಯ ಗಾರೆ ಕೆಲಸದವರು, ಒಡಿಶಾದ ವೆಲ್ಡರ್, ಅಸ್ಸಾಮಿನ ಗಾರ್ಡ್, ಆಂಧ್ರದ ಎಂಜಿನಿಯರ್ ಬಾಡಿಗೆಗಿದ್ದಾರೆ. ಹಳ್ಳಿಯಲ್ಲಿ ಸುದ್ದಿ ತಂದವರ ಮುಖ ಗೊತ್ತಿರುತ್ತದೆ, ಅವರ ಮಾತಿಗೆ ಎಷ್ಟು ತೂಕ ಎಂಬುದೂ ಗೊತ್ತಿರುತ್ತದೆ. ಇಲ್ಲಿ ಪಕ್ಕದ ರೂಮಿನವರ ಹೆಸರೇ ತಿಳಿಯದು. ಸುದ್ದಿಗೆ ಫೋನೇ ಗತಿ. ಹೀಗೆ ಗುರುತು ಪರಿಚಯವಿಲ್ಲದವರು ಕೂಡಿ ಬಾಳುವ ಕಡೆ ಗಾಳಿಸುದ್ದಿ ಎದ್ದರೆ, ಮೊದಲ ಏಟು ಬೀಳುವುದು ಭಾಷೆ ಬಾರದ ಹೊರಗಿನವರ ಮೇಲೆ.

ನಾವು ಕಂಡದ್ದು

ಗಾಳಿಸುದ್ದಿ ಫೋನಿನ ಜೊತೆ ಹುಟ್ಟಿದ್ದಲ್ಲ. ತೊಂಬತ್ತರ ದಶಕದಲ್ಲಿ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಊರು ನಮ್ಮದು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂದು ಲೋಟ ಹಿಡಿದು ಸಾಲು ನಿಂತವರೂ ನಾವೇ. ಅವು ನಗುವಿನಲ್ಲಿ ಮುಗಿದವು. ಆಮೇಲಿನವು ಹಾಗೆ ಮುಗಿಯಲಿಲ್ಲ.

2012ರ ಆಗಸ್ಟ್. ಅಸ್ಸಾಮಿನ ಕೊಕ್ರಝಾರ್ ಗಲಭೆಯ ಬೆನ್ನಿಗೆ, ಈಶಾನ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಸಾವಿರಾರು ಜನ ಸಂಬಳವನ್ನೂ ಬಿಟ್ಟು ಗುವಾಹಟಿ ರೈಲು ಹತ್ತಿದರು. ರೈಲ್ವೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ಸಗಟು ಎಸ್‌ಎಂಎಸ್ ನಿಷೇಧಿಸಿತು. ಆ ಹೊತ್ತಿಗೆ ಭಯ ಮಾಡುವ ಕೆಲಸ ಮಾಡಿಯಾಗಿತ್ತು.

2018ರ ಮೇ 23. ಮಕ್ಕಳ ಕಳ್ಳನೆಂಬ ಶಂಕೆಯಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಯುವಕನನ್ನು ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಓಡಾಡುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮೂಲದಲ್ಲಿ ಅದೇ ಇಬ್ಬರು ಮರಳಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿದ್ದರು. ಎರಡು ತಿಂಗಳೊಳಗೆ, ಜುಲೈ 13ರಂದು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಇಂಥದೇ ಶಂಕೆಗೆ ಬಲಿಯಾದರು. ಅವರೂ ಜೊತೆಗಿದ್ದವರೂ ಮಾಡಿದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಷ್ಟೆ.

ಇನ್ನೊಂದು ಬಗೆಯ ಪಾಠ 2016ರ ಏಪ್ರಿಲ್‌ನದು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಪಿಎಫ್ ಹಣ 58 ವರ್ಷದವರೆಗೆ ಕೈಗೆ ಬರದು ಎಂಬ ನಿಯಮ ಫೆಬ್ರುವರಿಯಲ್ಲೇ ಹೊರಟಿತ್ತು. ಏಪ್ರಿಲ್ 18 ಮತ್ತು 19ರಂದು ಬೊಮ್ಮನಹಳ್ಳಿ, ಹೆಬ್ಬಗೋಡಿ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದರು. ಬಸ್ಸುಗಳು ಸುಟ್ಟವು, ಲಾಠಿಗಳು ಬೀಸಿದವು. 19ರ ಸಂಜೆ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ಆ ಹೆಣ್ಣುಮಕ್ಕಳ ಸಿಟ್ಟು ನ್ಯಾಯವಾದದ್ದು. ಬದುಕಿನ ಉಳಿತಾಯಕ್ಕೆ ಸಂಬಂಧಿಸಿದ ಆದೇಶವನ್ನು ಹೊಲಿಗೆ ಯಂತ್ರದ ಪಕ್ಕ ನಿಂತು ಕನ್ನಡದಲ್ಲಿ ಬಿಡಿಸಿ ಹೇಳುವ ಏರ್ಪಾಡು ಇರಬೇಕಿತ್ತು ಎಂಬುದೇ ನಮ್ಮ ತಕರಾರು.

ಈಗ ಕಣ್ಣಾರೆ ಕಂಡದ್ದನ್ನೂ ನಂಬುವಂತಿಲ್ಲ. ಷೇರು ವಹಿವಾಟಿನ ಆ್ಯಪ್‌ಗಳನ್ನು ಇನ್ಫೊಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಹೊಗಳುವಂಥ ನಕಲಿ ವಿಡಿಯೊಗಳು ಹರಡಿದಾಗ, 2023ರ ಡಿಸೆಂಬರ್‌ನಲ್ಲಿ ಅವರೇ ಅದು ತಾನಲ್ಲ ಎಂದು ಎಚ್ಚರಿಸಬೇಕಾಯಿತು. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು ‘ಡಿಜಿಟಲ್ ಅರೆಸ್ಟ್’ ಎಂದು ಬೆದರಿಸುವವರಿಗೆ ಐಟಿ ನೌಕರರೂ ನಿವೃತ್ತ ಅಧಿಕಾರಿಗಳೂ ಹಣ ಸುರಿದಿದ್ದಾರೆ. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ.

ನಮ್ಮ ನಿಲುವು

1. ಸುದ್ದಿ ಪರೀಕ್ಷೆ ಕಲಿಸಬಹುದಾದ ವಿದ್ಯೆ. ಹೇಳಿದವರು ಯಾರು? ಅವರಿಗೆ ಅದು ಹೇಗೆ ಗೊತ್ತು? ಬೇರೆ ಯಾರು ಇದನ್ನೇ ಹೇಳುತ್ತಿದ್ದಾರೆ? ಇದು ಎಂದಿನದು, ಎಲ್ಲಿಯದು? ಈ ನಾಲ್ಕು ಪ್ರಶ್ನೆಗಳು ಆರನೇ ತರಗತಿಯ ಮಗುವಿನ ಬಾಯಲ್ಲೂ ನಿಲ್ಲುತ್ತವೆ.

2. ಡಿಗ್ರಿ ಇದ್ದವರು ಮೋಸ ಹೋಗುವುದಿಲ್ಲ ಎಂಬುದು ಭ್ರಮೆ. ಭಯ, ಆಸೆ, ಸಿಟ್ಟು ಕೆರಳಿದಾಗ ಎಲ್ಲರ ತಲೆಯೂ ಒಂದೇ ಥರ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಕಲಿಸುವವರು, ಕಲಿಯುವವರು ಎಂಬ ಎರಡು ಪಂಗಡ ನಮ್ಮಲ್ಲಿಲ್ಲ.

3. ಎಲ್ಲವನ್ನೂ ಅನುಮಾನಿಸುವುದು ಜಾಣತನವಲ್ಲ. ‘ಎಲ್ಲ ಮೀಡಿಯಾನೂ ಮಾರಿಕೊಂಡಿವೆ’ ಎನ್ನುವವರೇ ಮರುಗಳಿಗೆಯಲ್ಲಿ ಹೆಸರಿಲ್ಲದ ಚಾನೆಲ್‌ನ ವಿಡಿಯೊ ನಂಬುತ್ತಾರೆ. ಹೆಸರು, ವಿಳಾಸ ಕೊಟ್ಟು ಬರೆಯುವ, ತಪ್ಪಾದರೆ ತಿದ್ದುಪಡಿ ಅಚ್ಚು ಹಾಕುವ ಮಾಧ್ಯಮವನ್ನು ಗುರುತಿಸಿ ನಂಬಲು ಕಲಿಯಬೇಕು. ವರದಿ ಯಾವುದು, ಅಭಿಪ್ರಾಯ ಯಾವುದು, ಸುದ್ದಿಯ ವೇಷ ತೊಟ್ಟ ಜಾಹೀರಾತು ಯಾವುದು ಎಂದು ಬೇರ್ಪಡಿಸಲು ಬರಬೇಕು.

4. ಕಾನೂನು ಒಂದೇ ಸಾಲದು. ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಎಂದ ರಾಜ್ಯದ ಕರಡು ಮಸೂದೆ 2025ರ ಜೂನ್‌ನಲ್ಲಿ ಬೆಳಕಿಗೆ ಬಂತು. ಸುಳ್ಳು ಯಾವುದೆಂದು ತೀರ್ಮಾನಿಸುವ ಅಧಿಕಾರ ಆಳುವವರ ಕೈಗೆ ಹೋದರೆ, ನಾಳೆ ಪಿಎಫ್‌ಗಾಗಿ ಕೂಗಿದವರ ಮಾತೂ ಸುಳ್ಳಾದೀತು. ಹಬ್ಬಿಸುವ ಕೈಯನ್ನು ಕಾನೂನು ಹಿಡಿಯಬಹುದು. ನಂಬುವ ಮನಸ್ಸನ್ನು ಶಿಕ್ಷಣವೇ ತಿದ್ದಬೇಕು.

5. ನಿಜವಾದ ಸುದ್ದಿ ಸಕಾಲಕ್ಕೆ, ತಿಳಿಯುವ ಭಾಷೆಯಲ್ಲಿ ಸಿಗುವುದು ದುಡಿಯುವವರ ಹಕ್ಕು. ಆ ಜಾಗ ಖಾಲಿ ಬಿಟ್ಟರೆ ಗಾಳಿಸುದ್ದಿ ಬಂದು ಕೂರುತ್ತದೆ.

ನಮಗಿಂತ ಮುಂಚೆ ನಡೆದವರು

ಈ ಹಾದಿ ಹೊಸತಲ್ಲ. ಶಿಕ್ಷಣ ತಜ್ಞ ಎಚ್. ನರಸಿಂಹಯ್ಯ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನೆ ಕೇಳುವುದನ್ನು ಬಸವನಗುಡಿಯ ರೂಢಿಯಾಗಿಸಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಕೇರಳದ ಕಣ್ಣೂರಿನಲ್ಲಿ ಜಿಲ್ಲಾಡಳಿತ 2018ರ ಸುಮಾರಿಗೆ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿ ನಡೆಸಿತು. ಫಿನ್ಲೆಂಡ್ ಇದನ್ನು ಶಾಲಾ ಪಠ್ಯಕ್ರಮದೊಳಗೇ ಹೆಣೆದಿದೆ. ಕಣ್ಣೂರಿನ ಶಾಲೆಯಲ್ಲಿ ಆದದ್ದು ನಮ್ಮ ಕಾಡುಗೋಡಿಯ ಶಾಲೆಯಲ್ಲಿ ಆಗದೆ ಇರಲು ಕಾರಣವಿಲ್ಲ.

ನಾವು ಮಾಡುವುದು

ಶಾಲೆಯಲ್ಲಿ: ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಇಂದಿಗೂ ಮುಖ್ಯಸುದ್ದಿ ಓದುತ್ತಾರೆ. ಇನ್ನು ಮುಂದೆ ಒಂದು ಸುದ್ದಿಗಾದರೂ ‘ಇದನ್ನು ಹೇಳಿದವರು ಯಾರು, ಅವರಿಗೆ ಗೊತ್ತಾದದ್ದು ಹೇಗೆ’ ಎಂಬ ಎರಡು ವಾಕ್ಯ ಸೇರಿಸಿ ಓದಲಿ. ತಿಂಗಳ ಮೂರನೇ ಶನಿವಾರದ ಬ್ಯಾಗ್ ರಹಿತ ‘ಸಂಭ್ರಮ ಶನಿವಾರ’ದಲ್ಲಿ ಒಂದು ಅವಧಿ ನಮಗೆ ಬೇಕು. ಒಂದೇ ಚಿತ್ರವನ್ನು ಎರಡು ರೀತಿ ಕತ್ತರಿಸಿ ಎರಡು ಕಥೆ ಹೇಳಿಸುತ್ತೇವೆ. ಹಳೆಯ ಫೋಟೊದ ಮೂಲವನ್ನು ಗೂಗಲ್‌ನಲ್ಲಿ ಹುಡುಕುವುದನ್ನು ಹೇಳಿಕೊಡುತ್ತೇವೆ. ಪ್ರತಿ ಶಾಲೆಯಲ್ಲೂ ಮಕ್ಕಳೇ ಗೋಡೆ ಪತ್ರಿಕೆ ತರಲಿ. ಇಬ್ಬರನ್ನು ವಿಚಾರಿಸದೆ ಅದರಲ್ಲಿ ಏನೂ ಬರೆಯುವಂತಿಲ್ಲ, ಮತ್ತು ಕೆಳಗೆ ‘ತಿದ್ದುಪಡಿ’ ಅಂಕಣ ಇರಲೇಬೇಕು.

ಕಾರ್ಖಾನೆಯ ಗೇಟಿನಲ್ಲಿ: ಪಿಎಫ್, ಇಎಸ್‌ಐ, ಕನಿಷ್ಠ ವೇತನದ ಆದೇಶಗಳನ್ನು ಕನ್ನಡ, ಹಿಂದಿ, ಒಡಿಯಾಗಳಲ್ಲಿ ಒಂದು ಪುಟಕ್ಕಿಳಿಸಿ ಟೀ ಬ್ರೇಕಿನಲ್ಲಿ ಓದಿ ಹೇಳುತ್ತೇವೆ. ಮೂಲ ಆದೇಶದ ಪ್ರತಿಯೂ ಜೊತೆಗಿರುತ್ತದೆ.

ಪಿಜಿಗಳಲ್ಲಿ: ಕೆಲಸ ಹುಡುಕಿ ಬಂದ ಹುಡುಗ ಹುಡುಗಿಯರಿಗೆ ನಕಲಿ ಆಫರ್ ಲೆಟರ್ ಗುರುತಿಸುವುದನ್ನು ತೋರಿಸುತ್ತೇವೆ. ‘ಸೆಕ್ಯುರಿಟಿ ಡೆಪಾಸಿಟ್ ಕಟ್ಟಿದರೆ ಕೆಲಸ ಗ್ಯಾರಂಟಿ’ ಎನ್ನುವ ಕಡೆ ಕೆಲಸ ಇರುವುದಿಲ್ಲ ಎಂಬುದು ಮೊದಲ ಪಾಠ.

ಅಪಾರ್ಟ್‌ಮೆಂಟ್‌ಗಳಲ್ಲಿ: ಡೆಲಿವರಿ ಹುಡುಗರ, ಮನೆಕೆಲಸದವರ ಫೋಟೊ ಹಾಕಿ ‘ಇವರ ಮೇಲೆ ಕಣ್ಣಿಡಿ’ ಎಂದು ಬರೆಯುವ ಚಾಳಿ ನಿಲ್ಲಬೇಕು. ಗುಂಪಿನ ಅಡ್ಮಿನ್‌ಗಳಿಂದ ಈ ಒಂದು ನಿಯಮಕ್ಕೆ ಸಹಿ ಹಾಕಿಸುತ್ತೇವೆ. ಒಂಟಿಯಾಗಿರುವ ಹಿರಿಯರ ಜೊತೆ ಕೂತು ಬೆದರಿಕೆ ಕರೆಯ ನಾಟಕವನ್ನೇ ಆಡಿಸುತ್ತೇವೆ: ಫೋನ್ ಇಡಿ, ಮನೆಯವರಿಗೆ ಹೇಳಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗ್ರಂಥಾಲಯದಲ್ಲಿ: ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಭಾನುವಾರ ಒಂದೇ ಸುದ್ದಿಯನ್ನು ಮೂರು ಪತ್ರಿಕೆಗಳಲ್ಲಿ ಓದಿ, ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ಪಟ್ಟಿ ಮಾಡುತ್ತೇವೆ.

ನಾವು ಕೇಳುವುದು

ಶಿಕ್ಷಣ ಇಲಾಖೆಗೆ: ಮಾಧ್ಯಮ ಸಾಕ್ಷರತೆಯನ್ನು ಹೊಸ ಪಠ್ಯಪುಸ್ತಕ ಮಾಡಿ ಮಕ್ಕಳ ಬೆನ್ನಿಗೆ ಹೇರಬೇಡಿ. ಕನ್ನಡ, ಸಮಾಜ, ವಿಜ್ಞಾನದ ಪಾಠಗಳಲ್ಲೇ ಬೆರೆಸಿ. ಶಿಕ್ಷಕರಿಗೆ ತರಬೇತಿ ಕೊಡಿ, ಅದಕ್ಕೆ ಪ್ರತಿಯಾಗಿ ಇನ್ನೊಂದು ದಾಖಲೆ ತುಂಬುವ ಕೆಲಸವನ್ನು ಅವರಿಂದ ತೆಗೆಯಿರಿ.

ಪತ್ರಿಕೆ, ಟಿವಿಗಳಿಗೆ: ತಪ್ಪು ಎಷ್ಟು ದೊಡ್ಡದಾಗಿ ಬಂದಿತ್ತೋ ತಿದ್ದುಪಡಿಯೂ ಅಷ್ಟೇ ದೊಡ್ಡದಾಗಿ ಬರಲಿ. ವಾಟ್ಸ್‌ಆ್ಯಪ್ ವಿಡಿಯೊವನ್ನು ಪರಿಶೀಲಿಸದೆ ಬ್ರೇಕಿಂಗ್ ನ್ಯೂಸ್ ಮಾಡಬೇಡಿ. ತಿಂಗಳಿಗೊಮ್ಮೆ ನಮ್ಮ ಶಾಲೆಗಳಿಗೆ ಒಬ್ಬ ವರದಿಗಾರರನ್ನು ಕಳಿಸಿ, ಸುದ್ದಿ ಹೇಗೆ ತಯಾರಾಗುತ್ತದೆಂದು ಮಕ್ಕಳು ಅವರನ್ನೇ ಕೇಳಲಿ.

ಕಂಪನಿಗಳಿಗೆ: ಸಿಎಸ್‌ಆರ್ ಹಣದಲ್ಲಿ ಬಣ್ಣ ಬಳಿದ ಗೋಡೆ ಸಾಕಷ್ಟಾಗಿದೆ. ನಮ್ಮ ತರಗತಿಗಳಿಗೆ ನಿಮ್ಮ ನೌಕರರ ಎರಡು ಗಂಟೆ ಕೊಡಿ.

ಪೊಲೀಸರಿಗೆ: ಗಾಳಿಸುದ್ದಿ ಎದ್ದಾಗ ಮೊದಲ ಗಂಟೆಯಲ್ಲೇ, ವಲಸಿಗರ ಭಾಷೆಯಲ್ಲೂ, ನಿಜಾಂಶ ಹೇಳಿ.

ನಾವು ಮಾಡದಿರುವುದು

ಯಾವ ಪಕ್ಷದ ಹಣವನ್ನೂ ಪಡೆಯುವುದಿಲ್ಲ. ಬಂದ ಹಣದ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಯಾರು ಏನು ಓದಬೇಕು, ಯಾವ ಚಾನೆಲ್ ನೋಡಬೇಕು ಎಂದು ಅಪ್ಪಣೆ ಕೊಡುವುದಿಲ್ಲ. ಸುಳ್ಳು ಫಾರ್ವರ್ಡ್ ಮಾಡಿದವರನ್ನು ಗುಂಪಿನಲ್ಲಿ ಹೀಯಾಳಿಸುವುದಿಲ್ಲ, ಖಾಸಗಿಯಾಗಿ ತಿಳಿಸುತ್ತೇವೆ. ನಾವೇ ಪ್ರಕಟಿಸಿದ್ದು ತಪ್ಪೆಂದು ತಿಳಿದರೆ ಅದೇ ದಿನ ತಿದ್ದುತ್ತೇವೆ.

ಕರೆ

ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರತಂದ ಜುಲೈ 1 ನಮಗೆ ಪತ್ರಿಕಾ ದಿನ. ಆ ದಿನ ಪ್ರತಿ ಶಾಲೆಯಲ್ಲಿ ಗೋಡೆ ಪತ್ರಿಕೆಯ ಮೊದಲ ಸಂಚಿಕೆ ಬರಲಿ. ಯುನೆಸ್ಕೊದ ಮಾಧ್ಯಮ ಸಾಕ್ಷರತಾ ಸಪ್ತಾಹ ಅಕ್ಟೋಬರ್ 24ರಿಂದ 31ರವರೆಗೆ. ಆ ವಾರ ಕಾರ್ಖಾನೆಯ ಗೇಟು, ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್, ಅರಿವು ಕೇಂದ್ರಗಳಲ್ಲಿ ಬಹಿರಂಗ ತರಗತಿ ನಡೆಯಲಿ.

ಸೇರಲು ಸದಸ್ಯತ್ವ ಶುಲ್ಕವಿಲ್ಲ, ವಿದ್ಯಾರ್ಹತೆಯ ಷರತ್ತಿಲ್ಲ. ಕನ್ನಡ ಬಾರದವರು ತಮ್ಮ ಭಾಷೆಯೊಂದಿಗೇ ಬನ್ನಿ, ನಮಗೆ ಅನುವಾದಕರು ಬೇಕಾಗಿದ್ದಾರೆ. ಈ ಪ್ರಣಾಳಿಕೆಯನ್ನು ನಿಮ್ಮ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ, ಯೂನಿಯನ್ ಕಚೇರಿಯಲ್ಲಿ, ನಿವಾಸಿಗಳ ಸಂಘದಲ್ಲಿ ಗಟ್ಟಿಯಾಗಿ ಓದಿಸಿ. ಇದರಲ್ಲಿರುವ ಇಸವಿ, ಅಂಕಿ, ಸಂಗತಿಗಳನ್ನೂ ಹಾಗೇ ನಂಬಬೇಡಿ, ಹುಡುಕಿ ತಾಳೆ ನೋಡಿ. ತಪ್ಪು ಕಂಡರೆ ಹೇಳಿ, ಸರಿ ಕಂಡರೆ ಸಹಿ ಹಾಕಿ.