ಅಡಿಕೆ ಸುಲಿಯುವವರು 'ಕೂಲಿ'ಯಾದಾಗ

ಮರಳೂರಿನ ನಮ್ಮ ಬೀದಿಯ ಅಕ್ಕನೊಬ್ಬರಿಗೆ ಇ-ಶ್ರಮ್ ನೋಂದಣಿ ಮಾಡಿಕೊಡಲು ಕೂತಿದ್ದೆ. ಸೀಸನ್‌ನಲ್ಲಿ ಗುಬ್ಬಿ ಕಡೆ ಅಡಿಕೆ ಸುಲಿಯುತ್ತಾರೆ, ಉಳಿದಂತೆ ಗಾರೆ ಕೆಲಸ. ಉದ್ಯೋಗ ಏನು ಅಂತ ಹಾಕಲಿ ಎಂದೆ. "ಕೂಲಿ ಅಂತಲೇ ಹಾಕಪ್ಪ" ಅಂದರು.

ಉದ್ಯೋಗಗಳಿಗೆ ಅಲ್ಲಿ ಬಳಸುವುದು ರಾಷ್ಟ್ರೀಯ ಉದ್ಯೋಗ ವರ್ಗೀಕರಣದ ಕೋಡ್‌ಗಳನ್ನು. 2015ರ ಆ ಪಟ್ಟಿಯ ಚೌಕಟ್ಟು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವರ್ಗೀಕರಣದ್ದು. ಕೂಲಿ ಅಂದರೆ ಮೊದಲ ಅಂಕಿಯೇ 9, ಕೌಶಲದ ಕೊನೆಯ ಮೆಟ್ಟಿಲು. ಗಾಯವಾಗದಂತೆ ಅಡಿಕೆ ಸುಲಿದು ನೋಡಿ, ಆಗ ಕೌಶಲದ ಮಾತಾಡೋಣ!

ಜರ್ಮನಿಯ ಐದಂಕಿ ಕೋಡ್‌ನಲ್ಲಿ ಕೆಲಸದ ಕ್ಷೇತ್ರ ಮೊದಲು, ಕೌಶಲದ ಮಟ್ಟ ಕೊನೆಯ ಅಂಕಿಯಲ್ಲಿ. ಹಾಗಾಗಿ ತೋಟದ ಸಹಾಯಕನೂ ತೋಟಗಾರಿಕೆಯ ಲೆಕ್ಕದಲ್ಲೇ ಉಳಿಯುತ್ತಾನೆ. ಫ್ರಾನ್ಸ್‌ನಲ್ಲಿ ಜಮೀನು ನಡೆಸುವವರು 1ರಲ್ಲಿ, ಅದರಲ್ಲಿ ದುಡಿಯುವ ಕಾರ್ಮಿಕರು 6ರಲ್ಲಿ; ಯಾರು ಯಾರಿಗಾಗಿ ದುಡಿಯುತ್ತಾರೆ ಅನ್ನೋದು ಮೊದಲ ಅಂಕಿಯಲ್ಲೇ ಗೊತ್ತಾಗುತ್ತೆ.

ಇದು ಬರೀ ಅಂಕಿಯಾಟವಲ್ಲ. ಅಡಿಕೆ ಸುಲಿಯುವ ಯಂತ್ರಗಳು ಬಂದಿವೆ. ಅದರಿಂದ ತುಮಕೂರು ಜಿಲ್ಲೆಯಲ್ಲಿ ಎಷ್ಟು ಹೆಂಗಸರ ಸೀಸನ್ ದುಡಿಮೆ ಹೋಯಿತು ಅಂತ ಸರ್ಕಾರ ಲೆಕ್ಕ ಹಾಕಹೊರಟರೆ, 'ಕೂಲಿ' ಎಂದು ಬರೆಸಿದವರು ಅದರಲ್ಲಿ ಕಾಣುವುದೇ ಇಲ್ಲ.

"ಆಯ್ತೇನಪ್ಪ? ನೀರು ಬಿಡೋ ಹೊತ್ತಾಯ್ತು" ಅಂದರು ಅಕ್ಕ. ಕೂಲಿಗೆ ಹತ್ತಿರದ್ದನ್ನೇ ಒತ್ತಿದೆ.