ಪಾಕೀಟಿನ ಕಪ್ಪು, ಊದಿದ ಕಣ್ಣು

ಬಸ್ ಸ್ಟ್ಯಾಂಡ್ ಎದುರಿನ ಯಾವ ಅಂಗಡಿಗೆ ಬೇಕಾದರೂ ಹೋಗಿ ನೋಡಿ. ಶಾಂಪೂ ಪಾಕೀಟಿನ ಮಾಲೆ, ಅದರ ಪಕ್ಕದಲ್ಲೇ ಹೇರ್ ಡೈ ಪಾಕೀಟಿನ ಮಾಲೆ. ಮಗಳ ನಿಶ್ಚಿತಾರ್ಥಕ್ಕೆ ಹೊರಟ ಅಪ್ಪ ಒಂದನ್ನು ಹರಿಸಿಕೊಂಡು ಹೋಗುತ್ತಾನೆ. ರಾತ್ರಿ ಹಚ್ಚಿ ಬೆಳಿಗ್ಗೆ ಬಸ್ ಹತ್ತುತ್ತಾನೆ. ಬಹಳಷ್ಟು ಜನಕ್ಕೆ ಏನೂ ಆಗುವುದಿಲ್ಲ. ಆಗುವವರಿಗೆ ಒಂದೆರಡು ದಿನದಲ್ಲಿ ನೆತ್ತಿ ತುರಿಸಿ, ಹಣೆ ಊದಿ, ಕಣ್ಣು ಮುಚ್ಚಿಯೇ ಹೋಗುತ್ತದೆ. ಆಗ ಮನೆಯವರ ಮಾತು ಒಂದೇ: "ಏನೋ ನಂಜಾಯ್ತು."

ಆ ನಂಜಿಗೆ ಹೆಸರಿದೆ. ಪ್ಯಾರಾ ಫಿನೈಲೀನ್ ಡೈಅಮೈನ್. ನಾಲಿಗೆ ಹೊರಳದಿದ್ದರೆ ಪಿ.ಪಿ.ಡಿ. ಎಂದರೂ ಸಾಕು. ಮೂಲದಲ್ಲಿ ಬಿಳಿ ಹರಳು, ಗಾಳಿಗಿಟ್ಟರೆ ಕಪ್ಪಾಗುತ್ತದೆ. ಪೆರಾಕ್ಸೈಡ್ ಜೊತೆ ಬೆರೆಸಿ ಹಚ್ಚಿದಾಗ ಇದರ ಸಣ್ಣ ಕಣಗಳು ಕೂದಲೊಳಗೆ ನುಗ್ಗಿ, ಅಲ್ಲೇ ಒಂದಕ್ಕೊಂದು ಕೂಡಿ ದೊಡ್ಡದಾಗಿ, ಹೊರಬರಲಾರದೆ ಉಳಿಯುತ್ತವೆ. ತೊಳೆದರೂ ಹೋಗದ ಕಪ್ಪಿನ ಗುಟ್ಟು ಇಷ್ಟೇ.

ಕೆಲಸಕ್ಕೆ ಬರುವ ವಸ್ತು, ಎರಡು ಮಾತಿಲ್ಲ. ಇನ್ನೊಂದು ರಾಸಾಯನಿಕದೊಡನೆ ಕೂಡಿಸಿದರೆ ಗುಂಡು ತಡೆಯುವ ಕೆವ್ಲಾರ್ ನೂಲು. ಬಸ್ಸಿನ ಟೈರು ಬಿರುಕು ಬಿಡದಂತೆ ಬೆರೆಸುವ 6ಪಿಪಿಡಿ ಇದರ ದಾಯಾದಿ. (ಟೈರು ಸವೆದ ಪುಡಿ ಹೊಳೆ ಸೇರಿ ಅಮೆರಿಕದಲ್ಲಿ ಕೋಹೋ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿರುವುದು 2020ರಲ್ಲಿ ಬಯಲಾಯಿತು. ಅದು ಬೇರೆ ಕತೆ.) ನರದ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಸಂಶೋಧಕರೂ ಬಳಸುತ್ತಾರೆ. ಅವರೆಲ್ಲ ಮುಟ್ಟುವುದು ಕೈಗವಸು ಹಾಕಿಕೊಂಡು. ನಮ್ಮ ಕಟಿಂಗ್ ಶಾಪಿನ ಹುಡುಗ ಬರಿಗೈಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಹಚ್ಚುತ್ತಾನೆ!

ಅಮೆರಿಕದಲ್ಲಿ 1933ರ ಸುಮಾರಿಗೆ 'ಲ್ಯಾಶ್ ಲೂರ್' ಎಂಬ ರೆಪ್ಪೆ ಬಣ್ಣದಿಂದ ಹೆಂಗಸರ ಕಣ್ಣು ಹೋಯಿತು, ಸಾವೂ ಆಯಿತು. ಅದರಲ್ಲಿದ್ದುದು ಇದೇ ಬಾಬತ್ತು. ಸರಕಾರ ಬಿಗಿ ಕಾನೂನು ತರಲು 1938ರವರೆಗೆ ಕಾಯಬೇಕಾಯಿತು. ನಮ್ಮಲ್ಲೂ ಕಾನೂನಿದೆ. ಮೊದಲು ಪರೀಕ್ಷಿಸಿ ನೋಡಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ, ಕುರುಡಾಗಬಹುದು ಎಂದು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಒಳಗೆ ಹೊರಗೆ ಎರಡೂ ಕಡೆ ಅಚ್ಚಾಗಿರಬೇಕು. ಇರುವೆ ಸಾಲಿನಂಥ ಆ ಅಕ್ಷರ ಓದಲು ಕನ್ನಡಕದ ಜೊತೆ ಭೂತಗನ್ನಡಿಯೂ ಬೇಕು, ಅದು ಬೇರೆ ಮಾತು.

ಪಾಕೀಟಿನ ಮಾಲಿಗಾದರೂ ಹೆಸರು, ವಿಳಾಸ ಇರುತ್ತದೆ. ಜಾತ್ರೆಯಲ್ಲಿ ಮಕ್ಕಳ ಕೈಗೆ ಹಚ್ಚುವ 'ಕಪ್ಪು ಮೆಹಂದಿ'ಗೆ ಏನಿದೆ? ಅಸಲಿ ಗೋರಂಟಿ ಕೊಡುವುದು ಕೆಂಪು, ಕಂದು. ಅದಕ್ಕೂ ಗಂಟೆಗಟ್ಟಲೆ ಬೇಕು. ಅರ್ಧ ಗಂಟೆಯಲ್ಲಿ ಕರ್ರಗಾಯಿತು ಎಂದರೆ ಏನೋ ಬೆರೆತಿದೆ ಅಂತಲೇ ಲೆಕ್ಕ. ಎಷ್ಟು ಬೆರೆತಿದೆ ಎಂದು ಮಾರುವವನಿಗೂ ಗೊತ್ತಿರಲಿಕ್ಕಿಲ್ಲ. ಕೈಯಲ್ಲಿ ಬೊಬ್ಬೆ ಎದ್ದು ವಾಸಿಯಾದರೂ ಚರ್ಮ ಅದನ್ನು ಮರೆಯುವುದಿಲ್ಲ. ಮುಂದೆ ಆ ಮಗು ದೊಡ್ಡದಾಗಿ ಡೈ ಹಚ್ಚಿದ ದಿನ ಹಳೇ ಲೆಕ್ಕ ಬಡ್ಡಿ ಸಮೇತ ಬರುತ್ತದೆ. ಇಲಾಖೆಯ ಇನ್‌ಸ್ಪೆಕ್ಟರು ಮೆಡಿಕಲ್ ಶಾಪಿಗೆ ಬರುವಂತೆ ಜಾತ್ರೆ ಬೀದಿಗೂ ಒಮ್ಮೆ ಬರಬಾರದೇ?

ಹೊಟ್ಟೆಗೆ ಹೋದರಂತೂ ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಇದಕ್ಕೆಂದೇ ಪ್ರತಿಮದ್ದಿಲ್ಲ. ಮಗು ಅಕಸ್ಮಾತ್ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಎಂದು ಕೂರದೆ, ಪಾಕೀಟನ್ನೂ ಹಿಡಿದು ದೊಡ್ಡಾಸ್ಪತ್ರೆಗೆ ಓಡಬೇಕು.

ಅಂಗಡಿಯವರನ್ನಷ್ಟೇ ದೂರುವುದು ನ್ಯಾಯವಲ್ಲ. ಗಿರಾಕಿ ಕೇಳುತ್ತಾನೆ, ಅವರು ಕೊಡುತ್ತಾರೆ. ಆದರೆ ಹೆಸರಿಲ್ಲದ ಪುಡಿ ಬೇಡ ಎನ್ನುವುದು, ಪಾಕೀಟು ಕೊಡುವಾಗ "ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಿ ಸ್ವಾಮಿ" ಎನ್ನುವುದು ಅವರ ಕೈಲಿದೆ. ಹತ್ತು ವರ್ಷ ಹಚ್ಚಿದವರಿಗೂ ಹನ್ನೊಂದನೇ ವರ್ಷ ಒಗ್ಗದೆ ಹೋಗಬಹುದು, ಆದ್ದರಿಂದ ಪ್ರತಿ ಸಲವೂ ಈ ಪರೀಕ್ಷೆ ಬೇಕು. ಭಾನುವಾರ ಮದುವೆ ಎಂದರೆ ಗುರುವಾರವೇ ಪಾಕೀಟು ತಗೋಬೇಕು.