ಬೆಳಗಿನ ಗುಳಿಗೆ, ಸಂಜೆಯ ಗ್ಲಾಸು: ಕೇಳುವವರಿಲ್ಲದ ಪ್ರಶ್ನೆ

ಉಪ್ಪುಂದ: ದುರ್ಗಾಪರಮೇಶ್ವರಿ ದೇವಳದ ರಥೋತ್ಸವಕ್ಕೋ, ಮನೆಯ ಮದುವೆಗೋ ಬೆಂಗಳೂರು, ಮಣಿಪಾಲಗಳಿಂದ ಊರಿಗೆ ಬರುವ ಯುವಕರ ಚೀಲದಲ್ಲಿ ಇಂದು ಮನೋವೈದ್ಯರು ಬರೆದ ಗುಳಿಗೆಯೂ ಇರಬಹುದು. ಗಮನ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಮಕ್ಕಳಿಗೆ ಮಾತ್ರ ಸೀಮಿತವೆಂಬ ಕಾಲ ಮುಗಿದಿದೆ. ವಯಸ್ಕರಿಗೂ ಔಷಧ ನೀಡಲಾಗುತ್ತಿದೆ. ಅದೇ ಸಂಜೆ ಗೆಳೆಯರ ಕೂಟದಲ್ಲಿ ಮದ್ಯದ ಗ್ಲಾಸು ಎದುರಾದರೆ ಏನು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನಮ್ಮಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವುದು ಮೀಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್. ಮೊದಲನೆಯದು ಉತ್ತೇಜಕ. ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೆ ಸೇರಿರುವ ಇದಕ್ಕೆ ವೈದ್ಯರು ಎರಡು ಪ್ರತಿಗಳಲ್ಲಿ ಚೀಟಿ ಬರೆಯಬೇಕು. ಒಂದು ಪ್ರತಿಯನ್ನು ಔಷಧ ಅಂಗಡಿಯವರು 2 ವರ್ಷ ಕಾದಿರಿಸಬೇಕು. 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೂ ಇದರ ಹೆಸರಿದೆ. ಗುಳಿಗೆ ಅಂಗಡಿ ದಾಟುವವರೆಗೆ ಇಷ್ಟೊಂದು ಕಾವಲು, ದಾಟಿದ ಮೇಲೆ ಯಾವ ಕಾವಲೂ ಇಲ್ಲ.

ಮದ್ಯ ಮಂಪರು ತರುತ್ತದೆ, ಉತ್ತೇಜಕ ಎಚ್ಚರವಾಗಿಡುತ್ತದೆ, ಹಾಗಾಗಿ ಲೆಕ್ಕ ಸರಿಹೋಯಿತು ಎಂದು ಭಾವಿಸುವವರಿದ್ದಾರೆ. ಆಗುವುದು ಬೇರೆ. ಅಮಲೇರಿದ್ದು ಅರಿವಿಗೆ ಬಾರದೆ ಕುಡಿತ ಹೆಚ್ಚುತ್ತದೆ; ರಕ್ತದಲ್ಲಿನ ಮದ್ಯ ಮಾತ್ರ ಎಳ್ಳಷ್ಟೂ ತಗ್ಗುವುದಿಲ್ಲ. ‘ನಾನು ಸರಿಯಾಗಿಯೇ ಇದ್ದೇನೆ’ ಎಂದು ಬೈಕ್ ಏರುವವನ ಮುಂದಿರುವುದು ರಾಷ್ಟ್ರೀಯ ಹೆದ್ದಾರಿ 66. ಇದಲ್ಲದೆ ಯಕೃತ್ತಿನಲ್ಲಿ ಇವೆರಡೂ ಸೇರಿ ಈಥೈಲ್‌ಫೆನಿಡೇಟ್ ಎಂಬ ಇನ್ನೊಂದು ಉತ್ತೇಜಕ ಉಂಟಾಗುತ್ತದೆ, ಮೂಲ ಔಷಧದ ಪ್ರಮಾಣವೂ ರಕ್ತದಲ್ಲಿ ಏರುತ್ತದೆ. ನಿಧಾನವಾಗಿ ಕರಗಬೇಕಾದ ಕೆಲವು ಕ್ಯಾಪ್ಸೂಲ್‌ಗಳು ಮದ್ಯ ತಗುಲಿದರೆ ಔಷಧವನ್ನು ಬೇಗನೆ ಬಿಟ್ಟುಬಿಡುವ ಅಪಾಯವಿದೆ. ಕುಡಿಯುವ ಸಂಜೆ ಹೊಸ ಗುಳಿಗೆ ನುಂಗದಿದ್ದರಾಯಿತು ಎಂಬ ಸಮಾಧಾನವೂ ಸಲ್ಲದು. ಬೆಳಿಗ್ಗೆ ನುಂಗಿದ ದೀರ್ಘಾವಧಿ ಗುಳಿಗೆಯ ಪ್ರಭಾವ ಸಂಜೆಗೂ ಉಳಿದಿರುತ್ತದೆ.

ಕೊಕೇನ್, ಎಂಡಿಎಂಎಗಳ ಮಾತು ಇನ್ನೂ ಗಂಭೀರ. ಅವೂ ಉತ್ತೇಜಕಗಳೇ ಆದ್ದರಿಂದ ಹೃದಯ ಬಡಿತ, ರಕ್ತದೊತ್ತಡಗಳ ಮೇಲೆ ದುಪ್ಪಟ್ಟು ಹೊರೆ ಬೀಳುತ್ತದೆ. ಗಾಂಜಾ ಹೃದಯ ಬಡಿತವನ್ನು ಏರಿಸುವುದರ ಜತೆಗೆ, ಔಷಧ ಯಾವ ಏಕಾಗ್ರತೆಗಾಗಿ ಇದೆಯೋ ಅದನ್ನೇ ಕೆಡಿಸುತ್ತದೆ. ಅಟೊಮಾಕ್ಸೆಟಿನ್ ಈ ಬಗೆಯ ಉತ್ತೇಜಕವಲ್ಲ. ಆದರೂ ಅಪರೂಪಕ್ಕೆ ಯಕೃತ್ತಿಗೆ ತೊಂದರೆ ತರಬಲ್ಲದು. ನಿತ್ಯ ಕುಡಿಯುವವರು ಇದನ್ನು ವೈದ್ಯರಿಂದ ಮುಚ್ಚಿಡುವಂತಿಲ್ಲ.

ಮುಚ್ಚಿಡುವುದೇ ಇಲ್ಲಿನ ನಿಜವಾದ ತೊಡಕು. ಮನೆಯವರಿಗೆ ಗುಳಿಗೆ ಗುಟ್ಟು, ವೈದ್ಯರಿಗೆ ಗ್ಲಾಸು ಗುಟ್ಟು. ಪೊಲೀಸರ ಭಯವೂ ಇದೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಮಾಹಿತಿಗೆ ಗೋಪ್ಯತೆ ನೀಡಿದೆ. ಮಾದಕ ವಸ್ತು ಕಾಯ್ದೆಯ 64ಎ ಕಲಂ ಸ್ವಯಂಪ್ರೇರಿತವಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆ ಹಾಗೂ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಈ ಕಲಂ ಬಗ್ಗೆ ಕಾಲೇಜುಗಳ ಮಾದಕ ವಿರೋಧಿ ಭಾಷಣಗಳಲ್ಲಿ ಕೇಳಿಬರುವುದು ಕಡಿಮೆ.

ಎದೆನೋವು, ತೀವ್ರ ಎದೆಬಡಿತ, ಗೊಂದಲ, ಅಪಸ್ಮಾರ, ವಿಪರೀತ ಮೈಬಿಸಿ ಕಂಡರೆ 108ಕ್ಕೆ ಕರೆ ಮಾಡಿ, ಏನೇನು ಸೇವಿಸಲಾಗಿದೆ ಎಂಬುದನ್ನು ಮರೆಮಾಚದೆ ತಿಳಿಸಬೇಕು. ತುರ್ತಲ್ಲದ ಅನುಮಾನಗಳಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಕನ್ನಡದಲ್ಲಿ ಲಭ್ಯ.